ಹಳೆಯ ಗೆಳೆಯರೂ ಕಡಲ ದಂಡೆಯೂ



ಈ ಸಂಜೆ ನಾನು ಮಾತನಾಡಬೇಕೆಂದಿರುವ ವಿಷಯ ಘನವಾದುದೇನೂ ಅಲ್ಲ. ಹಳೆಯ ಗೆಳೆಯರ ಜೊತೆಯಲ್ಲಿ, ಚಳಿಗಾಲದ ಬೆಳಗಿನಲ್ಲಿ, ಸಮುದ್ರದ ದಂಡೆಯ ಮೇಲೆ ಸಾವಕಾಶವಾಗಿ ನಡೆಯುವುದು. ಇಷ್ಟೇ ನನ್ನ ವಿಷಯ. ಇದರಲ್ಲಿ ಹೇಳತಕ್ಕದ್ದೇನುಂಟು, ಕಾಲಿದ್ದವರೆಲ್ಲರೂ ನಡೆಯುತ್ತಾರಲ್ಲ ಎಂದು ನೀವು ಕೇಳಬಹುದು. ಕಾಲಿದ್ದರೆ ಸಾಲದು. ಕಾಲವೂ ಬೇಕು, ದಾರಿಯೂ ಬೇಕು, ಜೊತೆಯೂ ಬೇಕು. ಈ ಮೂರೂ ಕೂಡಿಬರುವುದು ಅಪರೂಪವಾದುದರಿಂದಲೇ ಇದನ್ನು ಕುರಿತು ನಾಲ್ಕು ಮಾತು ಹೇಳುವ ಧೈರ್ಯ ಮಾಡಿದ್ದೇನೆ.

ನನ್ನ ಊರು ಧಾರವಾಡ ಜಿಲ್ಲೆಯ ಕಲಘಟಗಿ ತಾಲೂಕಿನ ದುಮ್ಮವಾಡ. ಬಯಲುಸೀಮೆ ಮುಗಿದು ಮಲೆನಾಡು ಮೊದಲಾಗುವ ಸೆರಗಿನಲ್ಲಿ ಅದು ಇದೆ. ದುಮ್ಮವಾಡದವರಿಗೂ ಸಮುದ್ರಕ್ಕೂ ಏನು ಸಂಬಂಧ ಎಂದು ಕೇಳಿದರೆ, ಸಂಬಂಧವನ್ನು ನೀರೇ ಹೇಳುತ್ತದೆ. ಊರಿನ ಹತ್ತಿರ ನೀರಸಾಗರವೆಂಬ ಜಲಾಶಯವುಂಟು. ಹುಬ್ಬಳ್ಳಿಯ ಜನ ಬಹುಕಾಲ ಅದರ ನೀರು ಕುಡಿದಿದ್ದಾರೆ. ಮಳೆ ಚೆನ್ನಾಗಿ ಬಂದು ಅದು ತುಂಬಿ ಕೋಡಿ ಬಿದ್ದರೆ, ಹೆಚ್ಚಾದ ನೀರು ಬೇಡ್ತಿಯ ಪಾಲಾಗುತ್ತದೆ. ಧಾರವಾಡದ ಕಡೆಯಿಂದ ಬರುವ ಶಾಲ್ಮಲೆಯನ್ನು ಕೂಡಿಕೊಂಡು ಬೇಡ್ತಿಯು ಯಲ್ಲಾಪುರದ ಕಾಡನ್ನು ಹೊಗುತ್ತದೆ. ಮಾಗೋಡಿನಲ್ಲಿ ಸುಮಾರು 200 ಮೀಟರು ಕೆಳಕ್ಕೆ ಧುಮುಕುತ್ತದೆ. ಮುಂದೆ ಗಂಗಾವಳಿ ಎಂಬ ಹೆಸರನ್ನು ಧರಿಸಿ ಗೋಕರ್ಣದ ಉತ್ತರಕ್ಕೆ ಕಡಲನ್ನು ಸೇರುತ್ತದೆ. ಈ ಹೊಳೆಯ ಉದ್ದ ಸುಮಾರು 150 ಕಿಲೋಮೀಟರು. ನಮ್ಮೂರಿನ ನೀರಿಗೆ ಸಮುದ್ರದ ದಾರಿ ಹೀಗೆ ಮೊದಲಿನಿಂದಲೂ ಗೊತ್ತಿದೆ. ಊರಿನ ಜನರು ಮಾತ್ರ ನೆನಪು ಮಾಡಿಕೊಂಡು ಹೊರಡಬೇಕಾಗಿದೆ.

ನಮ್ಮ ಹಿರಿಯರಿಗೆ ಈ ದಾರಿ ವಿಹಾರದ ದಾರಿಯಾಗಿರಲಿಲ್ಲ. 19ನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿಯು ಘಟ್ಟವನ್ನಿಳಿದು ಕುಮಟೆಯ ಬಂದರಿನಿಂದ ಮುಂಬಯಿಗೆ ಹೋಗುತ್ತಿತ್ತು. ಆದುದರಿಂದ ಮುಂಬಯಿಯ ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿಯೆಂದೇ ಹೆಸರಾಯಿತು. ಬೆವರು ಒಂದು ಊರಿನದು, ಹೆಸರು ಇನ್ನೊಂದು ಊರಿಗೆ! 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು, ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ತಪ್ಪಿದಾಗ ನಮ್ಮ ಕಡೆಯ ಹತ್ತಿಗೆ ಎಲ್ಲಿಲ್ಲದ ಬೆಲೆ ಬಂದಿತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದುದರ ಹಿಂದೆ, ಕಾರವಾರವನ್ನು ಈ ಹತ್ತಿಯ ಬಂದರನ್ನಾಗಿ ಬೆಳೆಸುವ ಆಸೆಯೂ ಇತ್ತು. ಆ ಶತಮಾನದ ಕೊನೆಗೆ ರೈಲು ಬಂದ ಮೇಲೆ ಘಟ್ಟದ ಗಾಡಿಗಳ ಸಾಲು ಕರಗಿತು. ಇಳಿಯುವಾಗ ಹತ್ತಿ, ಏರುವಾಗ ಉಪ್ಪು ಎಂಬಂತಿದ್ದ ದಾರಿ ಅದು. ಆ ಉಪ್ಪಿಗಾಗಿಯೇ 1930ರ ಏಪ್ರಿಲ್ 13ರಂದು ಅಂಕೋಲೆಯ ಕಡಲತಡಿಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಜನರು ಸರಕಾರದ ಕಾಯಿದೆಯನ್ನು ಮುರಿದರು. ಈಗ ನಾವು ಅದೇ ಘಟ್ಟವನ್ನು ಬಸ್ಸಿನಲ್ಲಿ ಕುಳಿತು ತೂಕಡಿಸುತ್ತ ಇಳಿಯುತ್ತೇವೆ. ಬರಿಗೈಯಲ್ಲಿ ಅಲ್ಲ, ಕಡಕ್ ರೊಟ್ಟಿ, ಶೇಂಗಾದ ಹಿಂಡಿ, ಎಣ್ಣೆಗಾಯಿ ಪಲ್ಯಗಳ ಬುತ್ತಿ ಜೊತೆಗಿರುತ್ತದೆ.

ಇನ್ನು ಕಾಲದ ವಿಚಾರ. ಮಳೆಗಾಲದಲ್ಲಿ ದಂಡೆ ಮನುಷ್ಯರದಲ್ಲ. ದೊಡ್ಡ ಅಲೆಗಳು ದಂಡೆಯ ಉಸುಕನ್ನು ಕಿತ್ತು ನೀರಿನೊಳಗೆ ಒಯ್ಯುತ್ತವೆ. 2024ರ ಜುಲೈ 16ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು, ಹೆದ್ದಾರಿಯ ಮೇಲಿದ್ದವರನ್ನು ಇದೇ ಗಂಗಾವಳಿಗೆ ತಳ್ಳಿದ ದುರ್ದಿನವನ್ನು ಆ ಕಡೆಯ ಜನ ಮರೆತಿಲ್ಲ. ಮಳೆ ನಿಂತ ಮೇಲೆ ಕಡಲಿನ ಸ್ವಭಾವವೇ ಬೇರೆ. ಸಾಲ ಒಯ್ದವನು ಕಂತಿನಲ್ಲಿ ತೀರಿಸುವ ಹಾಗೆ, ಸಣ್ಣ ಅಲೆಗಳು ಅದೇ ಉಸುಕನ್ನು ಸ್ವಲ್ಪಸ್ವಲ್ಪವಾಗಿ ಮರಳಿ ತಂದು ಹಾಸುತ್ತವೆ. ಮಾಗಿಯ ಹೊತ್ತಿಗೆ ದಂಡೆ ಅಗಲವಾಗಿ, ಒಕ್ಕಲಿಗೆ ಸಿದ್ಧಮಾಡಿದ ಕಣದಂತೆ ಸಮನಾಗಿರುತ್ತದೆ. ನಮ್ಮ ಕಡೆ ಭತ್ತದ ಸುಗ್ಗಿಯೂ ಅಷ್ಟರೊಳಗೆ ಮುಗಿದಿರುತ್ತದೆ. ರೈತನಿಗೆ ಎರಡು ದಿನ ಬಿಡುವು ಸಿಕ್ಕುವುದು ಆಗಲೇ.

ಆ ದಿನಗಳಲ್ಲಿ ಬೆಳಗಿನ ಗಾಳಿ ನೆಲದ ಕಡೆಯಿಂದ ಕಡಲಿಗೆ ಮೆಲ್ಲನೆ ಬೀಸುತ್ತದೆ. ಬಿಸಿಲೇರಿದಂತೆ ನೆಲವು ನೀರಿಗಿಂತ ಬೇಗ ಕಾಯುವುದರಿಂದ ಗಾಳಿ ದಿಕ್ಕು ಬದಲಿಸಿ ಕಡಲಿನಿಂದ ಬರತೊಡಗುತ್ತದೆ. ಆ ಎರಡು ಗಾಳಿಗಳ ನಡುವಣ ನಿಶ್ಚಲವಾದ ಹೊತ್ತೇ ನಡೆಯುವವರ ಹೊತ್ತು. ನೀರಿನ ಇಳಿತವನ್ನೂ ನೋಡಿಕೊಳ್ಳಬೇಕು. ಇಳಿತದ ವೇಳೆ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಹಿಂದಕ್ಕೆ ಬೀಳುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರು ಹೆಚ್ಚು ದೂರ ಸರಿಯುತ್ತದೆ. ಇಳಿದ ನೀರು ಬಿಟ್ಟುಹೋದ ಹಸಿ ಉಸುಕು ಗಟ್ಟಿ. ಅದರ ಮೇಲೆ ಮುದುಕರೂ ನಡೆಯಬಹುದು. ಒಣ ಉಸುಕಿನಲ್ಲಿ ನಡೆಯುವುದಾದರೆ ಕೆಸರುಗದ್ದೆಯೇ ಮೇಲು.

ನಾವು ನಾಲ್ವರು ಒಂದೇ ಶಾಲೆಯಲ್ಲಿ ಅಕ್ಷರ ಕಲಿತವರು. ಮೊದಲು ಐವರಿದ್ದೆವು. ಗಂಗಾವಳಿಯ ಅಳಿವೆಯಿಂದ ದಕ್ಷಿಣಕ್ಕೆ, ಗೋಕರ್ಣದ ಕಡೆಗೆ ನಡೆಯುವುದು ನಮ್ಮ ಪದ್ಧತಿ. ಬಲಗಡೆ ಕಡಲು, ಎಡಗಡೆ ಗಾಳಿಮರ ತೆಂಗುಗಳು. ಸೂರ್ಯ ನೆಲದ ಕಡೆಯಿಂದ ಏರುವುದರಿಂದ ನಮ್ಮ ನೆರಳುಗಳು ಉದ್ದವಾಗಿ ನೀರಿಗೆ ಚಾಚಿಕೊಂಡಿರುತ್ತವೆ. ಏಡಿಗಳು ತೋಡಿಹಾಕಿದ ರಾಗಿಕಾಳಿನಂಥ ಉಸುಕಿನ ಗುಳಿಗೆಗಳು ಕಾಲ ಕೆಳಗೆ. ಎಲ್ಲಿಯಾದರೂ ಬಲೆ ಎಳೆಯುವವರು ಕಂಡರೆ ನಿಲ್ಲಲೇಬೇಕು. ಹಿಂದೆ ರಂಪಣಿಯೆಂಬ ಮಹಾಬಲೆಯನ್ನು ಊರಿಗೆ ಊರೇ ಸೇರಿ ದಂಡೆಗೆ ಎಳೆಯುತ್ತಿತ್ತಂತೆ. 1970ರ ದಶಕದ ಕೊನೆಯಲ್ಲಿ ಪರ್ಸೀನ್ ದೋಣಿಗಳು ಬಂದ ಮೇಲೆ ಅದು ಹಿಂದೆ ಸರಿಯಿತು.

ನಮ್ಮಲ್ಲೊಬ್ಬರಿಗೆ ಮೊಣಕಾಲು ನೋವು. ಅವರೇ ನಮ್ಮ ಮುಂದಾಳು. ನಾವು ಚುರುಕಾದರೆ, “ಲೇ, ಸಾವಕಾಶ ನಡೀರೋ, ಸಮುದ್ರ ಎಲ್ಲಿ ಓಡಿ ಹೋಗತೈತಿ?” ಎಂದು ಗದರಿಸುತ್ತಾರೆ. ಅಳಿವೆಯಲ್ಲಿ ನಿಂತು ಒಂದು ಬೊಗಸೆ ನೀರನ್ನು ನಾಲಿಗೆಗೆ ಹಚ್ಚಿಕೊಂಡು, “ನಮ್ಮೂರ ನೀರು ಇಲ್ಲಿತನಕ ಬಂದು ಯಾಕ ಉಪ್ಪಾತು?” ಎಂದು ಕೇಳಿದವರೂ ಅವರೇ. ಇದಕ್ಕೆ ನಮ್ಮಲ್ಲಿದ್ದ ನಿವೃತ್ತ ಮಾಸ್ತರರು ಶಾಸ್ತ್ರೋಕ್ತವಾದ ಉತ್ತರವನ್ನು ಅರ್ಧ ಗಂಟೆ ಹೇಳಿದರು. ಪ್ರಶ್ನೆ ಅದಲ್ಲವೆಂದು ಎಲ್ಲರಿಗೂ ತಿಳಿದಿತ್ತು.

ಮುಂದಾಳುವಿಗೂ ನಾಲ್ಕನೆಯವರಿಗೂ ಹೊಲದ ಬದುವಿನ ವಿಷಯವಾಗಿ ತಂಟೆ ಬಂದು ಆರು ವರ್ಷ ಮಾತಿರಲಿಲ್ಲ. ಇಬ್ಬರೂ ಪ್ರತಿವರ್ಷ ಬರುತ್ತಿದ್ದರು; ಆದರೆ ಒಬ್ಬರು ಹೇಳತಕ್ಕದ್ದನ್ನು “ಅವರಿಗೆ ಹೇಳ್ರಿ” ಎಂದು ನಮ್ಮ ಬಾಯಿಂದ ಹೇಳಿಸುತ್ತಿದ್ದರು. ಮನೆಯಲ್ಲಿ ಕುಳಿತರೆ ಎದುರೆದುರು ಮುಖ ನೋಡಬೇಕು. ದಂಡೆಯಲ್ಲಿ ಎಲ್ಲರ ಮುಖವೂ ಮುಂದಕ್ಕೆ. ಮುನಿದವರಿಗೆ ಇದೊಂದು ದೊಡ್ಡ ಸೌಕರ್ಯ. ಹೀಗಿರುವಾಗ ಒಂದು ಮುಂಜಾನೆ ಅಲೆಯೊಂದು ತುಸು ಮೇಲೇರಿ ಬಂದು, ಮುಂದಾಳು ಬಿಚ್ಚಿಟ್ಟಿದ್ದ ಚಪ್ಪಲಿಯನ್ನು ಎತ್ತಿಕೊಂಡಿತು. “ನೋಡಲೇ, ನಿನ್ನ ಚಪ್ಪಲಿ ಹೊಂಟೈತಿ!” ಎಂದು ಆ ನಾಲ್ಕನೆಯವರು ಕೂಗಿ, ಪಂಜೆ ತೋಯಿಸಿಕೊಂಡು ಓಡಿ ಹಿಡಿದು ತಂದರು. ಆರು ವರ್ಷದ ಮೌನ ಒಂದು ಹಳೆಯ ಚಪ್ಪಲಿಯಿಂದ ಮುರಿಯಿತು. ಬದುವಿನ ತಂಟೆ ಆ ದಿನವೇನೂ ಬಗೆಹರಿಯಲಿಲ್ಲ. ಅಳತೆಯ ಕಲ್ಲು ಇಂದಿಗೂ ವಿವಾದದಲ್ಲಿಯೇ ಇದೆ. ಆದರೆ ಘಟ್ಟವೇರುವ ಬಸ್ಸಿನಲ್ಲಿ ಇಬ್ಬರೂ ಒಂದೇ ಬಾಕಿನ ಮೇಲೆ ಕುಳಿತು, ಅದೇ ಬದುವಿನ ವಿಷಯವಾಗಿ ನೇರವಾಗಿ ಜಗಳವಾಡುತ್ತ ಬಂದರು. ನಮಗೆ ಆ ಜಗಳ ಬಹು ಇಂಪಾಗಿ ಕೇಳಿಸಿತು.

ಇಂಥ ನಡಿಗೆಯ ನೆನಪನ್ನು ಬರೆದಿಟ್ಟ ಮಹನೀಯರೂ ಉಂಟು. 1883ರಲ್ಲಿ ರವೀಂದ್ರನಾಥ ಠಾಕೂರರು ಕಾರವಾರಕ್ಕೆ ಬಂದಿದ್ದರು. ಅವರಿಗೆ ಆಗ 22 ವರ್ಷ. ಅಣ್ಣ ಸತ್ಯೇಂದ್ರನಾಥರು ಅಲ್ಲಿ ಜಿಲ್ಲಾ ನ್ಯಾಯಾಧೀಶರು. ಒಂದು ಬೆಳುದಿಂಗಳ ಇರುಳು ಜೊತೆಗಾರರೊಡನೆ ಕಾಳಿ ನದಿಯಲ್ಲಿ ದೋಣಿಯ ಮೇಲೆ ಹೋಗಿ, ಹಿಂತಿರುಗುವಾಗ ಅಳಿವೆಯಲ್ಲಿ ಇಳಿದು, ಉಸುಕಿನ ಮೇಲೆ ನಡೆದೇ ಮನೆ ಸೇರಿದ ಸಂಗತಿಯನ್ನು ತಮ್ಮ ನೆನಪಿನ ಪುಸ್ತಕದಲ್ಲಿ ಅವರು ಹೇಳಿದ್ದಾರೆ. ಅವರು ಮನೆಗೆ ಬಂದು ಕವಿತೆ ಬರೆದರು. ನಾವು ಮನೆಗೆ ಬಂದು ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತೇವೆ. ನಡಿಗೆಯ ಸುಖದಲ್ಲಿ ಅಷ್ಟೇನೂ ಭೇದವಿರಲಾರದೆಂದು ನನ್ನ ನಂಬಿಕೆ.

ಕೊನೆಯದಾಗಿ ಒಂದು ಮಾತು. ಹೊಸ ಗೆಳೆಯರನ್ನು ಯಾವ ವಯಸ್ಸಿನಲ್ಲಾದರೂ ಸಂಪಾದಿಸಬಹುದು. ಹಳೆಯ ಗೆಳೆಯರನ್ನು ಹೊಸದಾಗಿ ಸಂಪಾದಿಸಲು ಬರುವುದಿಲ್ಲ. ಇದ್ದಷ್ಟು ಜನರನ್ನು ಇದ್ದಾಗಲೇ ಕೂಡಬೇಕು. ಮುನಿದವರಿದ್ದರೆ ಅವರನ್ನು ಮೊದಲು ಕರೆಯಿರಿ. ಎಲ್ಲರಿಗಿಂತ ನಿಧಾನವಾಗಿ ನಡೆಯುವವರನ್ನು ಮುಂದೆ ಬಿಡಿರಿ. ಮಾಗಿಯ ದಿನಗಳು ಚಿಕ್ಕವು. ಈ ವರ್ಷ ಬೇಡ, ಮುಂದಿನ ವರ್ಷ ನೋಡೋಣ ಎಂದು ಯಾರಾದರೂ ಹೇಳಿದರೆ, ದಯವಿಟ್ಟು ಒಪ್ಪಬೇಡಿರಿ.