ಕ್ರೀಟ್ ದ್ವೀಪದ ಸೊಪ್ಪು, ನಮ್ಮ ಬೆರಕೆ ಸೊಪ್ಪು

(ಶಾಲೆಯ ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ಈ ಶಾಲೆಯಲ್ಲಿ ಕಲಿತು ಮುಂದೆ ಸಸ್ಯಶಾಸ್ತ್ರದ ಮೇಷ್ಟ್ರಾದವನು ನಾನು. ಇಂದು ದೂರದ ಒಂದು ದ್ವೀಪದ ಸೊಪ್ಪಿನ ವಿಷಯ ಹೇಳುತ್ತೇನೆ. ದ್ವೀಪ ಹೊಸದಾದರೂ ಅಲ್ಲಿನ ಕೆಲವು ಗಿಡಗಳು ನಿಮಗೆ ಗೊತ್ತಿರುವವೇ.

ಮೆಡಿಟರೇನಿಯನ್ ಸಮುದ್ರದಲ್ಲಿ ಗ್ರೀಸ್ ದೇಶಕ್ಕೆ ಸೇರಿದ ಕ್ರೀಟ್ ದ್ವೀಪವಿದೆ. ಉದ್ದ ಸುಮಾರು 260 ಕಿಲೋಮೀಟರ್. ನಡುವೆ ಬೆಟ್ಟಗಳ ಸಾಲು, ಕಲ್ಲುನೆಲ, ಇಳಿಜಾರಿನಲ್ಲಿ ಆಲಿವ್ ತೋಪುಗಳು. ಅಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ. ಬೇಸಿಗೆ ಪೂರಾ ಒಣ. ಮಳೆ ಬಿದ್ದು ಗುಡ್ಡ ಹಸಿರಾದರೆ ಹೆಂಗಸರು ಚಾಕು, ಚೀಲ ಹಿಡಿದು ಸೊಪ್ಪಿಗೆ ಹೊರಡುತ್ತಾರೆ. ಈ ಸೊಪ್ಪುಗಳಿಗೆಲ್ಲ ಸೇರಿ 'ಹೋರ್ತಾ' ಎಂದು ಹೆಸರು. ಬೇಯಿಸಿ, ಬಸಿದು, ಮೇಲೆ ಆಲಿವ್ ಎಣ್ಣೆ ಸುರಿದು ನಿಂಬೆಹಣ್ಣು ಹಿಂಡಿದರೆ ಅಡುಗೆ ಆಯಿತು. ನಮ್ಮ ಬಸ್ಸಾರಿನ ಕಟ್ಟಿನಂತೆ ಅಲ್ಲಿಯೂ ಬಸಿದ ನೀರನ್ನು ಚೆಲ್ಲದೆ ಕುಡಿಯುವವರುಂಟು.

ಅವುಗಳಲ್ಲಿ ಒಂದು 'ಸ್ಟಾಮ್ನಗಾಥಿ'. ಹೂಜಿಯ ಮುಳ್ಳು ಎಂದು ಅರ್ಥ. ಹುಳು ಹುಪ್ಪಟೆ ಒಳಗೆ ಹೋಗದಿರಲೆಂದು ಈ ಮುಳ್ಳುಗಿಡವನ್ನು ನೀರಿನ ಹೂಜಿಯ ಬಾಯಿಗೆ ತುರುಕುತ್ತಿದ್ದರಂತೆ. ಎಲೆ ಸ್ವಲ್ಪ ಕಹಿ. ಒಂದು ಕಾಲಕ್ಕೆ ಸಮುದ್ರದ ದಂಡೆಯಲ್ಲಿ, ಗುಡ್ಡದಲ್ಲಿ ಬಿಟ್ಟಿಯಾಗಿ ಸಿಗುತ್ತಿದ್ದ ಈ ಸೊಪ್ಪನ್ನು ಈಗ ಹೊಲದಲ್ಲಿ ಬೆಳೆದು ಮಾರುತ್ತಾರೆ. ಮನೆಯ ಮುಂದೆ ಹಳೆಯ ಡಬ್ಬಗಳಲ್ಲಿ ನಮ್ಮ ತುಳಸಿಯ ಹತ್ತಿರದ ನೆಂಟ ಬೇಸಿಲ್ ಬೆಳೆಸುತ್ತಾರೆ. ಅದು ಅಡುಗೆಗಿಂತ ಹೆಚ್ಚಾಗಿ ಪರಿಮಳಕ್ಕೆ, ಚರ್ಚಿನ ಹಬ್ಬಕ್ಕೆ.

ಇನ್ನು ಬೇಸಿಗೆಯ ಕೈತೋಟದ ಸೊಪ್ಪು ನೋಡಿ. ಅವರ 'ವ್ಲಿತಾ' ನಮ್ಮ ಕೀರೆ, ಹರಿವೆಯ ಜಾತಿಯದು. ಅವರ 'ಗ್ಲಿಸ್ತ್ರಿದಾ' ನಮ್ಮ ಗೋಣಿ ಸೊಪ್ಪು. ಅವರ 'ಸ್ತಿಫ್ನೋಸ್' ನಮ್ಮ ಗಣಿಕೆ ಸೊಪ್ಪು. ಅವರೂ ಗಣಿಕೆಯ ಎಳೆಯ ಎಲೆಯನ್ನಷ್ಟೇ ಕಿತ್ತು ಬೇಯಿಸಿ ತಿನ್ನುತ್ತಾರೆ. ಅದರ ಹಸಿರು ಕಾಯಿ ವಿಷ. ಹೊಲದ ಬದುವಿನಲ್ಲಿ ನಾವು ಕಳೆಯೆಂದು ಕಿತ್ತೆಸೆಯುವುದು ಅಲ್ಲಿ ಊಟದ ತಟ್ಟೆಗೆ ಬರುತ್ತದೆ.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೈನ್ಯ ಕ್ರೀಟನ್ನು ಹಿಡಿದುಕೊಂಡಿತ್ತು. ಯುದ್ಧ ಮುಗಿದಾಗ ದ್ವೀಪ ಬಡವಾಗಿತ್ತು. 1948ರಲ್ಲಿ ಗ್ರೀಸ್ ಸರ್ಕಾರದ ಕೋರಿಕೆಯಂತೆ ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದವರು ಅಲ್ಲಿನ ಜನಜೀವನದ ಸಮೀಕ್ಷೆ ಮಾಡಿದರು. ಜನರ ಊಟ ಧಾನ್ಯ, ಕಾಳು, ಆಲಿವ್, ಸೊಪ್ಪು, ಹಣ್ಣು, ಮಾಂಸ ಅಪರೂಪ. ಈ ಊಟ ನಿಮಗೆ ತೃಪ್ತಿಯೇ ಎಂದು ಕೇಳಿದರೆ ಹೌದು ಎಂದವರು ಆರು ಕುಟುಂಬಗಳಲ್ಲಿ ಒಂದು ಮಾತ್ರ.

ಮುಂದೆ ವಿಜ್ಞಾನಿ ಏನ್ಸೆಲ್ ಕೀಸ್ ಏಳು ದೇಶಗಳ ನಡುವಯಸ್ಸಿನ ಗಂಡಸರ ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸಿದರು. ಹೃದಯಾಘಾತದಿಂದ ಸತ್ತವರು ಅತ್ಯಂತ ಕಡಿಮೆ ಇದ್ದ ಗುಂಪುಗಳಲ್ಲಿ ಕ್ರೀಟಿನವರೂ ಇದ್ದರು. ಸೊಪ್ಪೊಂದೇ ಕಾರಣವಲ್ಲ, ಅವರು ಬೆಟ್ಟ ಹತ್ತಿಳಿದು ಮೈಮುರಿದು ದುಡಿಯುತ್ತಿದ್ದರು. ಆದರೂ ಬಡವರು ಬೇಸರದಿಂದ ಉಂಡ ಊಟವೇ ಮುಂದೆ ಪ್ರಪಂಚಕ್ಕೆ ಮಾದರಿಯಾಯಿತು. 2010ರಲ್ಲಿ ಯುನೆಸ್ಕೊ ಮೆಡಿಟರೇನಿಯನ್ ಆಹಾರ ಪದ್ಧತಿಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಹಸಿವು ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಹಸಿವನ್ನು ಕಂಡವರಾರೂ ಹಾಗೆ ಹೇಳಲಾರರು. ಬಡತನ ಹೋಗಲಿ. ಅದರ ಜೊತೆಗೆ ಗಿಡದ ಗುರುತೂ ಹೋಗಬಾರದು. ಕ್ರೀಟಿನಲ್ಲಿ ಆ ಗುರುತು ತಾಯಿಯಿಂದ ಮಗಳಿಗೆ ಬಂದದ್ದು, ನಮ್ಮ ಊರುಗಳಲ್ಲಿಯೂ ಹಾಗೆಯೇ. ಬೆರಕೆ ಸೊಪ್ಪಿನ ಸಾರಿಗೆ ಯಾವ ಎಲೆ ಎಷ್ಟು ಹಾಕಬೇಕು, ಯಾವುದನ್ನು ಮುಟ್ಟಬಾರದು ಎಂಬ ಲೆಕ್ಕ ಅಜ್ಜಿಯರ ಕೈಯಲ್ಲಿದೆ. ಕಾಗದದ ಮೇಲೆ ಬಂದಿರುವುದು ಕಡಿಮೆ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾ ಕೂತರೆ ಆ ಲೆಕ್ಕ ಅವರೊಂದಿಗೇ ಹೋಗುತ್ತದೆ.

ಆದ್ದರಿಂದ ಎರಡು ಕೋರಿಕೆ. ಮಕ್ಕಳೇ, ಪ್ರತಿಯೊಬ್ಬರೂ ನಿಮ್ಮ ಬೀದಿಯ ಒಬ್ಬ ಅಜ್ಜಿಯ ಬಳಿ ಕೂತು ಹತ್ತು ಸೊಪ್ಪು ಗುರುತಿಸಲು ಕಲಿಯಿರಿ. ಹೆಸರು, ಸಿಗುವ ಕಾಲ, ತಿನ್ನುವ ಭಾಗ, ಮಾಡುವ ಅಡುಗೆ, ಹೇಳಿಕೊಟ್ಟವರ ಹೆಸರು, ಇಷ್ಟನ್ನೂ ಬರೆದಿಡಿ. ವಿಜ್ಞಾನದ ಮೇಷ್ಟ್ರು ನೋಡಿ ಸರಿ ಎನ್ನುವ ತನಕ ಯಾವುದನ್ನೂ ಬಾಯಿಗೆ ಹಾಕಬೇಡಿ. ಕಳೆನಾಶಕ ಹೊಡೆದ ಹೊಲದ ಸೊಪ್ಪು ಬೇಡವೇ ಬೇಡ. ಶಿಕ್ಷಕರೇ, ಶಾಲೆಯ ಕೈತೋಟದಲ್ಲಿ ಒಂದು ಮಡಿಯನ್ನು ಗೋಣಿ, ಗಣಿಕೆ, ಕೀರೆಗೆ ಬಿಟ್ಟುಕೊಡಿ. ಬೀಜಕ್ಕೆ ಖರ್ಚಿಲ್ಲ. ನೋಟ್‌ಬುಕ್ಕುಗಳ ಖರ್ಚು ನನ್ನದು. ಬರುವ ಮಳೆಗಾಲದಲ್ಲಿ ಬಂದು ನಾನೇ ಓದುತ್ತೇನೆ.