ನಾತಕ್ಕೊಂದು ಹೆಸರು



ಕಳೆದ ಮಳೆಗಾಲದಲ್ಲಿ ಉಡುಪಿಯಿಂದ ಅತ್ತೆ ನಮ್ಮ ಮನೆಗೆ ಬಂದಿದ್ದರು. ಮತ್ಸ್ಯಗಂಧ ರೈಲಿನಲ್ಲಿ ಬಂದು, ನಸುಕಿನಲ್ಲಿ ಮುಂಬಯಿ ಬಳಿಯ ಠಾಣೆಯಲ್ಲಿ ಇಳಿದು, ಅಲ್ಲಿಂದ ಲೋಕಲ್ ಹಿಡಿದು ಡೊಂಬಿವಲಿ. ಚೀಲ ಕೆಳಗಿಟ್ಟು ಬಾಲ್ಕನಿಯ ಬಾಗಿಲು ತೆಗೆದವರೇ ಸೆರಗಿನಿಂದ ಮೂಗು ಮುಚ್ಚಿಕೊಂಡರು. "ಎಂಥ ನಾತ ಮಾರಾಯಾ ಇದು!" ನಾನು ಒಳಗೆ ಚಹಾ ಸೋಸುತ್ತಿದ್ದೆ. "ಯಾವ ನಾತ ಅತ್ತೆ?" ಎಂದೆ. ನನಗೆ ನಿಜವಾಗಿಯೂ ಏನೂ ತಿಳಿದಿರಲಿಲ್ಲ. ಬಾಗಿಲ ಬಳಿ ನಿಂತು ಎರಡು ಸಲ ಉಸಿರೆಳೆದ ಮೇಲೆ ಗೊತ್ತಾಯಿತು. ಕೈಗಾರಿಕಾ ವಸಾಹತಿನ ಕಡೆಯಿಂದ ಒದ್ದೆ ಗಾಳಿಯ ಜೊತೆ ಬರುವ, ಗಂಟಲಲ್ಲಿ ಕೂರುವ ಅದೇ ಕಟು ವಾಸನೆ. ಇಷ್ಟು ವರ್ಷ ಅದರಲ್ಲೇ ಉಸಿರಾಡಿ ನನ್ನ ಮೂಗು ಅದನ್ನು ಲೆಕ್ಕಕ್ಕೆ ಹಿಡಿಯುವುದನ್ನೇ ಬಿಟ್ಟಿತ್ತು. ಆ ದಿನ ನನಗೆ ಹೆದರಿಕೆಯಾಯಿತು.

ನಾತ ಎಂಬ ಮಾತು ಅಂದಿನಿಂದ ತಲೆಯಲ್ಲಿ ಉಳಿಯಿತು. ಇಂಗ್ಲಿಷಿನಲ್ಲಿ ಇದಕ್ಕೆ ಸ್ಟೆಂಚ್ ಎನ್ನುತ್ತಾರೆ. ಅದರ ಹಿಂದಿರುವ ಹಳೆಯ ಇಂಗ್ಲಿಷಿನ ಪದಕ್ಕೆ ಬರಿಯ ವಾಸನೆ ಎಂದಷ್ಟೇ ಅರ್ಥ. ಹೂವಿಗೂ ಅದೇ ಮಾತು, ಹೆಣಕ್ಕೂ ಅದೇ ಮಾತು. ಬರಬರುತ್ತ ಒಳ್ಳೆಯದು ಕಳಚಿಹೋಗಿ ಕೆಟ್ಟದ್ದೊಂದೇ ಉಳಿಯಿತು. ನಮ್ಮಲ್ಲೂ ಹೀಗೆಯೇ ಆಗಿದೆ. ಹಳಗನ್ನಡದ ನಾಱು ಎಂದರೆ ವಾಸನೆ ಬೀರು ಎಂದು. ಇವತ್ತು ಮಲ್ಲಿಗೆ ನಾರುತ್ತದೆ ಎಂದು ಯಾರಾದರೂ ಹೇಳುತ್ತಾರೆಯೇ? ತಮಿಳಿನ ಕವಯಿತ್ರಿ ಆಂಡಾಳ್ ಕೃಷ್ಣನ ಬಾಯಿಯ ಪರಿಮಳವನ್ನು ಶಂಖದ ಬಳಿ ವಿಚಾರಿಸುವಾಗ ಬಳಸಿದ್ದು ಇದೇ ಧಾತು. ಇಂದಿನ ತಮಿಳರಿಗೆ ಅದು ದುರ್ನಾತ. ನಮ್ಮ ನೆರೆಮನೆಯ ಮರಾಠಿಯ ಘಾಣ್ ಹುಟ್ಟಿದ್ದು ಸಂಸ್ಕೃತದ ಘ್ರಾಣದಿಂದ, ಅಂದರೆ ಮೂಸುವಿಕೆಯಿಂದ. ಈಗ ಅದಕ್ಕೆ ಹೊಲಸು ಎಂದೇ ಅರ್ಥ. ಅಷ್ಟೇಕೆ, ಅಡುಗೆಮನೆಯಿಂದ "ಏನೋ ವಾಸನೆ ಬರ್ತಿದೆ" ಎಂಬ ಕೂಗು ಕೇಳಿದರೆ ಯಾರೂ ತುಪ್ಪದ ಘಮವನ್ನು ನೆನೆಯುವುದಿಲ್ಲ. ಹಾಲು ಸೀದಿತೇ ಎಂದು ಓಡುತ್ತೇವೆ.

ಯಾಕೆ ಹೀಗೆ? ನನಗೆ ಅನ್ನಿಸುವುದು ಇಷ್ಟು. ಕಂಪನ್ನು ನಾವು ಸುಮ್ಮನೆ ಅನುಭವಿಸುತ್ತೇವೆ. ನಾತ ಬಂದರೆ ಇನ್ನೊಬ್ಬರಿಗೆ ಹೇಳುತ್ತೇವೆ. ಹೇಳುವುದಕ್ಕೆಂದೇ ಆ ಪದಗಳು ಸವೆದು ಚೂಪಾಗಿವೆ.

ನಮ್ಮ ಅಜ್ಜಿಯಂದಿರ ಬಾಯಲ್ಲಿ ಇಂಥ ಪದಗಳು ಎಷ್ಟಿದ್ದವು! ಎಣ್ಣೆ ಕಮಟು, ಬಟ್ಟೆ ಮುಗ್ಗಲು, ಅನ್ನ ಹಳಸಲು, ಚರಂಡಿ ಗಬ್ಬು. ಪದ ಕೇಳಿದ ಕೂಡಲೇ ಕಾರಣವೂ ಗೊತ್ತು, ಮದ್ದೂ ಗೊತ್ತು. ಕಮಟು ಎಂದರೆ ಎಣ್ಣೆ ಬದಲಿಸು, ಮುಗ್ಗಲು ಎಂದರೆ ಬಿಸಿಲಿಗೆ ಹಾಕು. ಆದರೆ ಡೊಂಬಿವಲಿಯ ಆ ಬೆಳಗಿನ ನಾತಕ್ಕೆ ನಮ್ಮಲ್ಲಿ ಪದವಿಲ್ಲ. "ಕೆಮಿಕಲ್ ವಾಸನೆ" ಎನ್ನುತ್ತೇವೆ, ಕಿಟಕಿ ಹಾಕುತ್ತೇವೆ, ಅಲ್ಲಿಗೆ ಮುಗಿಯಿತು.

ಬಣ್ಣವಾದರೆ ಕಣ್ಣಿಗೆ ಕಾಣುತ್ತದೆ. 2017ರ ಆಗಸ್ಟಿನಲ್ಲಿ ನವಿ ಮುಂಬಯಿಯ ತಳೋಜಾದಲ್ಲಿ ಬೀದಿನಾಯಿಗಳು ನೀಲಿಯಾದಾಗ, 2020ರ ಫೆಬ್ರವರಿಯಲ್ಲಿ ನಮ್ಮ ಡೊಂಬಿವಲಿಯ ರಸ್ತೆಯೇ ಗುಲಾಬಿ ಬಣ್ಣಕ್ಕೆ ತಿರುಗಿದಾಗ, ಫೋಟೋಗಳು ದೇಶವೆಲ್ಲ ಸುತ್ತಿದವು. ನಾತದ ಫೋಟೋ ತೆಗೆಯುವವರು ಯಾರು? ಅದಕ್ಕೆ ಸಾಕ್ಷಿ ನಮ್ಮ ಮೂಗು ಮಾತ್ರ. ಆ ಸಾಕ್ಷಿಯೂ ಬಹುಬೇಗ ದಣಿಯುತ್ತದೆ. ಕೊಳೆತ ಮೊಟ್ಟೆಯಂತೆ ನಾರುವ ಹೈಡ್ರೋಜನ್ ಸಲ್ಫೈಡ್ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲಿಗಿಂತ ಕಡಿಮೆ ಇದ್ದರೂ ಮೂಗಿಗೆ ತಿಳಿಯುತ್ತದೆ. ಅದೇ 100 ಪಾಲಿನಷ್ಟಾದರೆ ಕೆಲವೇ ನಿಮಿಷದಲ್ಲಿ ಮೂಗು ಮರಗಟ್ಟುತ್ತದೆ. ನಾತ ಹೋಯಿತು ಎಂದು ನಾವು ಸಮಾಧಾನಪಟ್ಟುಕೊಳ್ಳುವ ಹೊತ್ತಿಗೆ ವಿಷ ಅಲ್ಲೇ ಇರುತ್ತದೆ. ಕಲ್ಯಾಣದ ಪಕ್ಕದ ಉಲ್ಹಾಸನಗರದಲ್ಲಿ 2014ರ ನವೆಂಬರ್ ಕೊನೆಗೆ ವಾಲ್ಧುನಿ ನದಿಗೆ ರಾಸಾಯನಿಕ ಸುರಿದದ್ದರಿಂದ ಎದ್ದ ಅನಿಲಕ್ಕೆ ನೂರಾರು ಜನ ಉಸಿರುಗಟ್ಟಿ ಆಸ್ಪತ್ರೆ ಸೇರಿದರು.

ಮೂಗಿನ ಸಾಕ್ಷಿಗೆ ಬೆಲೆ ಸಿಕ್ಕಿದ್ದೂ ಉಂಟು. 1858ರ ಬೇಸಿಗೆಯಲ್ಲಿ ಲಂಡನ್ನಿನ ಥೇಮ್ಸ್ ನದಿ ಎಷ್ಟು ನಾರಿತೆಂದರೆ, ಆ ಬೇಸಿಗೆಗೆ ಇಂದಿಗೂ ಗ್ರೇಟ್ ಸ್ಟಿಂಕ್ ಎಂದೇ ಹೆಸರು. ದಡದ ಬಡವರು ವರ್ಷಗಟ್ಟಲೆ ಸಹಿಸಿದ್ದ ನಾತ ಆ ವರ್ಷ ಪಾರ್ಲಿಮೆಂಟಿನ ಒಳಕ್ಕೇ ನುಗ್ಗಿತು. ಕಿಟಕಿಯ ಪರದೆಗಳನ್ನು ಬ್ಲೀಚಿಂಗ್ ದ್ರಾವಣದಲ್ಲಿ ಅದ್ದಿ ತೂಗುಹಾಕಿದರೂ ಸದಸ್ಯರಿಗೆ ಕೂರಲಾಗಲಿಲ್ಲ. 18 ದಿನದಲ್ಲಿ ಕಾಯಿದೆಯಾಯಿತು. ಎಂಜಿನಿಯರ್ ಜೋಸೆಫ್ ಬ್ಯಾಜಲ್ಜೆಟ್ ಕಟ್ಟಿದ ಒಳಚರಂಡಿಗಳು ಇವತ್ತಿಗೂ ಆ ಊರಿನ ಕೊಳೆ ಹೊರುತ್ತಿವೆ. ಮೂಗು ಹೇಳಿದ ಮಾತು ಕೇಳಬೇಕಾದವರ ಕಿವಿಗೆ ಬಿದ್ದದ್ದಕ್ಕೆ ಆದ ಕೆಲಸ ಅದು.

ಆದ್ದರಿಂದ ಠಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಯ ನನ್ನ ಕನ್ನಡ ಬಂಧುಗಳಲ್ಲಿ ಒಂದು ವಿನಂತಿ. ನಾಳೆ ಬೆಳಗ್ಗೆ ಕಿಟಕಿ ತೆಗೆದಾಗ ನಾತ ಬಂದರೆ ಕಿಟಕಿ ಹಾಕುವ ಮೊದಲು ಒಂದು ಚೀಟಿಯಲ್ಲಿ ಬರೆದಿಡಿ: ಎಷ್ಟು ಗಂಟೆ, ಗಾಳಿ ಯಾವ ಕಡೆಯಿಂದ, ಮೊಟ್ಟೆಯ ಹಾಗೋ, ಬಣ್ಣದ ಡಬ್ಬಿಯ ಹಾಗೋ, ಸುಟ್ಟ ರಬ್ಬರಿನ ಹಾಗೋ, ಕಣ್ಣು ಉರಿಯಿತೋ. ಹತ್ತು ಮನೆಯವರು ಸೇರಿ ಅದನ್ನು ಮಾಲಿನ್ಯ ನಿಯಂತ್ರಣ ಮಂಡಳಿಗೆ ಕಳಿಸಿ. ಕಲ್ಯಾಣದಲ್ಲೂ ನವಿ ಮುಂಬಯಿಯಲ್ಲೂ ಅದರ ಪ್ರಾದೇಶಿಕ ಕಚೇರಿಗಳಿವೆ. ಊರಿನಿಂದ ನೆಂಟರು ಬಂದಾಗ ಚಹಾ ಕೊಡುವ ಮೊದಲು ಬಾಲ್ಕನಿಗೆ ಕರೆದು ಕೇಳಿ, ಏನಾದರೂ ವಾಸನೆ ಬರುತ್ತಿದೆಯೇ ಎಂದು.