ಹಚ್ಚೆ: ಒಂದು ದಿನದ ಆಸೆ, ಒಂದು ಬಾಳಿನ ಗುರುತು

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಂತಹ ಸಭೆಗಳಲ್ಲಿ ಶಿಕ್ಷಣದ ಮಹತ್ವ, ಪರೀಕ್ಷೆಯ ತಯಾರಿ, ವಿದ್ಯಾರ್ಥಿವೇತನ ಮುಂತಾದ ವಿಷಯಗಳ ಬಗ್ಗೆ ಮಾತನಾಡುವುದು ರೂಢಿ. ನಾನು ಇಂದು ಆರಿಸಿಕೊಂಡಿರುವುದು ಹಚ್ಚೆಯ ವಿಷಯ. ಇದೇನು ಮೇಷ್ಟ್ರು ಹಚ್ಚೆಯ ಬಗ್ಗೆ ಭಾಷಣ ಮಾಡುತ್ತಾರೆ ಎಂದು ಹಿಂದಿನ ಸಾಲಿನವರು ನಗುತ್ತಿರಬಹುದು. ಆದರೆ ಪಿಯುಸಿ ಮುಗಿಸುವ ಹೊತ್ತಿಗೆ ನಮ್ಮ ಮಕ್ಕಳಲ್ಲಿ ಕೆಲವರ ಮಣಿಕಟ್ಟಿನ ಮೇಲೆ, ಕತ್ತಿನ ಹಿಂದೆ ಒಂದು ಅಕ್ಷರವೋ ಚಿತ್ರವೋ ಕಾಣಿಸುತ್ತಿದೆ. ಮನೆಯಲ್ಲಿ ಗೊತ್ತಾದರೆ ಬೈಗುಳ, ಗೊತ್ತಾಗದಿದ್ದರೆ ಮುಚ್ಚಿಡುವ ಪಾಡು. ಕುಳಿತು ಸಮಾಧಾನವಾಗಿ ಮಾತನಾಡುವವರು ಯಾರೂ ಇಲ್ಲ. ಆದ್ದರಿಂದ ಈ ವಿಷಯ.

ಹಚ್ಚೆ ಹೊಸ ಫ್ಯಾಷನ್ ಅಲ್ಲ. 1991ರಲ್ಲಿ ಆಲ್ಪ್ಸ್ ಪರ್ವತದ ಮಂಜಿನಲ್ಲಿ ಸಿಕ್ಕ, ಸುಮಾರು 5300 ವರ್ಷಗಳ ಹಿಂದಿನ ಮನುಷ್ಯನ ಮೈಮೇಲೆ 61 ಹಚ್ಚೆಯ ಗುರುತುಗಳಿವೆ. ನಮ್ಮ ನಾಡಿನಲ್ಲಿಯೂ ಕೊರವಂಜಿಯರು ಸೂಜಿ ಹಿಡಿದು ಊರೂರು ತಿರುಗಿ, ಹೆಣ್ಣುಮಕ್ಕಳ ಕೈಗೆ, ಹಣೆಗೆ ಹಚ್ಚೆ ಹಾಕುತ್ತಿದ್ದರು. ಹಳ್ಳಿಯ ಅಜ್ಜಿಯರ ಮುಂಗೈ ಮೇಲಿನ ಹಸಿರು ಚುಕ್ಕಿಗಳನ್ನು ನೀವೆಲ್ಲ ನೋಡಿರುತ್ತೀರಿ. ಪಕ್ಕದ ತಮಿಳಿನಲ್ಲಿ ಇದಕ್ಕೆ ಇಂದಿಗೂ ‘ಪಚ್ಚೈ’ ಕುತ್ತುವುದು, ಅಂದರೆ ಹಸಿರು ಚುಚ್ಚುವುದು ಎಂದೇ ಹೆಸರು. ಉರ್ದುವಿನಲ್ಲಿ ಗೋದ್ನಾ, ಅಂದರೆ ಚುಚ್ಚುವುದು. 1891ರಲ್ಲಿ ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓ'ರೈಲಿ ಎಂಬಾತ ವಿದ್ಯುತ್ತಿನಿಂದ ನಡೆಯುವ ಹಚ್ಚೆಯ ಯಂತ್ರಕ್ಕೆ ಪೇಟೆಂಟ್ ಪಡೆದ. ಅಲ್ಲಿಂದ ಈ ಕೆಲಸ ಬೇಗ ಮುಗಿಯುವಂತಾಯಿತು.

ಆದರೆ ಅಜ್ಜಿಯ ಹಚ್ಚೆಗೂ ಇಂದಿನ ಹಚ್ಚೆಗೂ ಒಂದು ವ್ಯತ್ಯಾಸವಿದೆ. ಅಜ್ಜಿಯ ಕೈಮೇಲಿನ ಗುರುತು ಅವಳ ಓರಗೆಯವರೆಲ್ಲರ ಕೈಮೇಲೂ ಇತ್ತು. ಹಾಕುವಾಗ ಅವಳನ್ನು ಯಾರೂ ಕೇಳಿರಲಿಕ್ಕಿಲ್ಲ, ನಿಜ. ಆದರೆ ಅದರ ಅರ್ಥವನ್ನು ಅವಳು ಯಾರಿಗೂ ವಿವರಿಸಬೇಕಾಗಿರಲಿಲ್ಲ. ಇಂದು ಹಾಗಲ್ಲ. ಹದಿನೇಳರ ಹುಡುಗ ತಾನೇ ಆರಿಸುತ್ತಾನೆ: ನೆಚ್ಚಿನ ನಟನ ಮುಖ, ಗೆಳತಿಯ ಹೆಸರಿನ ಮೊದಲ ಅಕ್ಷರ, ಆ ವರ್ಷದ ಒಂದು ಘೋಷವಾಕ್ಯ. ಇವೆಲ್ಲ ಒಂದು ಕಾಲದ ಆಸೆಗಳು. ಕಾಲ ಹೋಗುತ್ತದೆ, ಆಸೆ ಬದಲಾಗುತ್ತದೆ, ಗುರುತು ಮಾತ್ರ ಉಳಿಯುತ್ತದೆ.

ಅದು ಏಕೆ ಉಳಿಯುತ್ತದೆ? ವಿಜ್ಞಾನ ಓದುವವರು ಗಮನಿಸಿ. ನಮ್ಮ ಚರ್ಮದ ಮೇಲ್ಪದರ ಸುಮಾರು ತಿಂಗಳಿಗೊಮ್ಮೆ ಹೊಸದಾಗುತ್ತದೆ. ಮೆಹಂದಿಯ ಬಣ್ಣ ಆ ಮೇಲ್ಪದರದಲ್ಲಿ ಮಾತ್ರ ಇರುವುದರಿಂದ ಎರಡು ಮೂರು ವಾರಗಳಲ್ಲಿ ಹೋಗುತ್ತದೆ. ಹಚ್ಚೆಯ ಸೂಜಿ ಅದನ್ನು ದಾಟಿ ಒಳಪದರಕ್ಕೆ ಶಾಯಿ ಬಿಡುತ್ತದೆ. ಅಲ್ಲಿ ಮ್ಯಾಕ್ರೋಫೇಜ್ ಎಂಬ ಜೀವಕೋಶಗಳಿವೆ; ಹೊರಗಿನಿಂದ ಬಂದದ್ದನ್ನು ನುಂಗಿ ನಮ್ಮನ್ನು ಕಾಯುವುದು ಅವುಗಳ ಕೆಲಸ. ಅವು ಶಾಯಿಯನ್ನು ನುಂಗುತ್ತವೆ, ಆದರೆ ಅರಗಿಸಿಕೊಳ್ಳಲಾರವು. ಅವು ಸತ್ತಾಗ ಶಾಯಿ ಹೊರಬೀಳುತ್ತದೆ, ಪಕ್ಕದಲ್ಲಿ ಬಂದ ಹೊಸ ಕೋಶ ಅದನ್ನು ಮತ್ತೆ ನುಂಗುತ್ತದೆ. ಇದನ್ನು 2018ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಇಲಿಗಳ ಮೇಲಿನ ಪ್ರಯೋಗದಲ್ಲಿ ತೋರಿಸಿದರು. ಅಂದರೆ ನಮ್ಮ ದೇಹವೇ ಆ ಗುರುತನ್ನು ಕೈಯಿಂದ ಕೈಗೆ ದಾಟಿಸುತ್ತಾ ಕಾಪಾಡುತ್ತದೆ.

ಹಾಗಾದರೆ ಹಾಕಿಸಿಕೊಂಡವರೆಲ್ಲ ಪಶ್ಚಾತ್ತಾಪ ಪಡುತ್ತಾರೆಯೇ? ಇಲ್ಲ. ಮಕ್ಕಳನ್ನು ಹೆದರಿಸಲು ಸುಳ್ಳು ಹೇಳಬಾರದು. ಅಮೆರಿಕದ ಪ್ಯೂ ಸಂಶೋಧನಾ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಆ ದೇಶದ ವಯಸ್ಕರಲ್ಲಿ ಶೇಕಡ 32ರಷ್ಟು ಜನರಿಗೆ ಹಚ್ಚೆಯಿದೆ. ಅವರಲ್ಲಿ ಶೇಕಡ 24ರಷ್ಟು ಜನ ಒಂದಲ್ಲ ಒಂದು ಹಚ್ಚೆಯ ಬಗ್ಗೆ ಬೇಸರಪಟ್ಟಿದ್ದಾರೆ. ಸುಮಾರು ನಾಲ್ವರಲ್ಲಿ ಒಬ್ಬರು. ಅದು ಹಚ್ಚೆ ಸಾಮಾನ್ಯವಾಗಿರುವ ದೇಶ. ನಮ್ಮಲ್ಲಿ ಮನೆ, ಜಮಾತು, ನೆಂಟಸ್ತಿಕೆ, ನೌಕರಿ ಎಲ್ಲವೂ ಆ ಗುರುತನ್ನು ನೋಡುತ್ತವೆ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಇಬ್ಬರ ಮಾತು ಹೇಳುತ್ತೇನೆ. ಒಬ್ಬನು ಮೇ ತಿಂಗಳ ಬಿಸಿಲಿನಲ್ಲಿಯೂ ತುಂಬು ತೋಳಿನ ಅಂಗಿ ತೊಡುತ್ತಾನೆ. ಕಾಲೇಜಿನಲ್ಲಿದ್ದಾಗ ಮಣಿಕಟ್ಟಿನ ಬಳಿ ಒಂದು ಇಂಗ್ಲಿಷ್ ಅಕ್ಷರ ಹಾಕಿಸಿಕೊಂಡಿದ್ದ. ಆ ಸಂಬಂಧ ವರ್ಷದೊಳಗೆ ಮುಗಿಯಿತು. ಈಗ ಅವನಿಗೆ ಸಂಸಾರವಿದೆ, ಒಳ್ಳೆಯ ಹೆಂಡತಿಯಿದ್ದಾಳೆ. ಮಗಳು ಎಲ್‌ಕೆಜಿಯಲ್ಲಿ ಅಕ್ಷರ ಕಲಿತು ಬಂದ ದಿನ ಅಪ್ಪನ ಕೈ ಹಿಡಿದು, "ಅಬ್ಬಾ, ಇದು ಅಮ್ಮಿಯ ಅಕ್ಷರ ಅಲ್ಲವಲ್ಲ, ಯಾರದು?" ಎಂದು ಕೇಳಿದಳಂತೆ. "ಏನು ಹೇಳಲಿ ಸರ್?" ಎಂದು ನನ್ನನ್ನು ಕೇಳಿದ. ನನಗೂ ಉತ್ತರ ಹೊಳೆಯಲಿಲ್ಲ.

ಇನ್ನೊಬ್ಬನು ತೋಳಿನ ಮೇಲೆ ಉರ್ದುವಿನಲ್ಲಿ ‘ಅಮ್ಮಿ’ ಎಂದು ಹಾಕಿಸಿಕೊಂಡಿದ್ದಾನೆ. ತಾಯಿ ತೀರಿಹೋಗಿದ್ದಾರೆ. ಅವನಿಗೆ ಪಶ್ಚಾತ್ತಾಪವಿಲ್ಲ, ಅದನ್ನು ನಾನು ಗೌರವಿಸುತ್ತೇನೆ. ಆದರೆ ಹಾಕಿದವನಿಗೆ ಉರ್ದು ಬರುತ್ತಿರಲಿಲ್ಲ. ಕೂಡಿಸಿ ಬರೆಯಬೇಕಾದ ಅಕ್ಷರಗಳು ಬಿಡಿಬಿಡಿಯಾಗಿ, ಎಡದಿಂದ ಬಲಕ್ಕೆ ತಿರುಗಿ ನಿಂತಿವೆ. ಕಂಪ್ಯೂಟರಿನಿಂದ ತೆಗೆದ ಉರ್ದು ಬರಹದಲ್ಲಿ ಈ ತಪ್ಪು ಆಗಾಗ ಆಗುತ್ತದೆ. ಕನ್ನಡದಲ್ಲಿ ಒತ್ತಕ್ಷರ ಕಳಚಿ ಪಕ್ಕಕ್ಕೆ ಬೀಳುತ್ತದೆ. ಕಾಪಿ ಪುಸ್ತಕದಲ್ಲಿ ತಪ್ಪಾದರೆ ನಾನು ಕೆಂಪು ಶಾಯಿಯಲ್ಲಿ ತಿದ್ದುತ್ತೇನೆ. ತೋಳಿನ ಮೇಲಿನದನ್ನು ಹೇಗೆ ತಿದ್ದಲಿ?

ಇನ್ನು ನೌಕರಿಯ ಮಾತು. ಸೇನೆಗೆ ಸೇರಬೇಕೆನ್ನುವ ಮಕ್ಕಳು ಇಲ್ಲಿದ್ದೀರಿ. ಭೂಸೇನೆಯ ಭರ್ತಿಯಲ್ಲಿ ಮೊಣಕೈಯಿಂದ ಮಣಿಕಟ್ಟಿನವರೆಗಿನ ಒಳಭಾಗ ಮತ್ತು ಅಂಗೈಯ ಹಿಂಭಾಗ, ಇಷ್ಟು ಕಡೆ ಮಾತ್ರ ಶಾಶ್ವತ ಹಚ್ಚೆಗೆ ಅವಕಾಶ; ಬುಡಕಟ್ಟಿನವರ ಸಂಪ್ರದಾಯದ ಹಚ್ಚೆಗೆ ವಿನಾಯಿತಿಯುಂಟು. ಬಿಎಸ್‌ಎಫ್, ಸಿಆರ್‌ಪಿಎಫ್ ಮುಂತಾದ ಕೇಂದ್ರ ಪಡೆಗಳಲ್ಲಿ ಸೆಲ್ಯೂಟ್ ಮಾಡುವ ಬಲಗೈಯ ಮುಂದೋಳಿನ ಮೇಲೆ ಹಚ್ಚೆ ಇರಕೂಡದು, ಇರುವ ಹಚ್ಚೆಯೂ ಆ ಅಂಗದ ಕಾಲುಭಾಗಕ್ಕಿಂತ ಚಿಕ್ಕದಿರಬೇಕು ಎಂಬ ನಿಯಮವಿದೆ. ಓಟದಲ್ಲಿ ಗೆದ್ದು, ಲಿಖಿತ ಪರೀಕ್ಷೆ ಪಾಸಾಗಿ, ವೈದ್ಯಕೀಯ ಪರೀಕ್ಷೆಯಲ್ಲಿ ಅಂಗಿ ಬಿಚ್ಚಿದಾಗ ಎದೆಯ ಮೇಲಿನ ಚಿತ್ರಕ್ಕಾಗಿ ಮನೆಗೆ ಮರಳಬೇಕಾದರೆ ಆ ನೋವು ಎಷ್ಟಿರಬಹುದು ಯೋಚಿಸಿ. ಅರ್ಜಿ ಹಾಕುವ ಮೊದಲು ಆ ವರ್ಷದ ಅಧಿಸೂಚನೆಯನ್ನು ತಪ್ಪದೆ ಓದಿ.

ಆರೋಗ್ಯದ ಮಾತೂ ಇದೆ. ಶುದ್ಧಗೊಳಿಸದ ಸೂಜಿಯಿಂದ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ಹರಡಬಹುದು. ಅದಕ್ಕಾಗಿಯೇ ಹಚ್ಚೆ ಹಾಕಿಸಿಕೊಂಡವರಿಂದ ನಮ್ಮ ದೇಶದಲ್ಲಿ 12 ತಿಂಗಳು ರಕ್ತ ತೆಗೆದುಕೊಳ್ಳುವುದಿಲ್ಲ. ಶಾಯಿಯಲ್ಲಿ ಏನಿದೆ ಎಂಬುದೂ ಮುಖ್ಯ. ಐರೋಪ್ಯ ಒಕ್ಕೂಟ 2022ರ ಜನವರಿಯಿಂದ ಹಚ್ಚೆಯ ಶಾಯಿಯಲ್ಲಿ ಸಾವಿರಾರು ರಾಸಾಯನಿಕಗಳಿಗೆ ಮಿತಿ ಹಾಕಿದೆ. ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು: ಬೇಗ ಕಪ್ಪಾಗುವ ‘ಕಪ್ಪು ಮೆಹಂದಿ’ಯಲ್ಲಿ ಕೂದಲಿಗೆ ಹಚ್ಚುವ ಬಣ್ಣದ ಪಿಪಿಡಿ ಎಂಬ ರಾಸಾಯನಿಕ ಬೆರೆಸಿರುವುದುಂಟು. ಅದರಿಂದ ಬೊಬ್ಬೆ ಎದ್ದು ಕಲೆ ಉಳಿಯಬಹುದು. ಮದರಂಗಿ ಸೊಪ್ಪಿನ ಕೆಂಪೇ ಸಾಕು.

"ಬೇಡವಾದರೆ ಲೇಸರ್‌ನಲ್ಲಿ ತೆಗೆಸಿದರಾಯಿತು" ಎನ್ನುವವರಿದ್ದಾರೆ. ಲೇಸರ್ ಬೆಳಕು ಶಾಯಿಯನ್ನು ನುಣ್ಣಗೆ ಒಡೆಯುತ್ತದೆ, ದೇಹ ಅದನ್ನು ನಿಧಾನವಾಗಿ ಸಾಗಿಸುತ್ತದೆ. ಒಂದೇ ಸಲಕ್ಕೆ ಆಗುವ ಕೆಲಸವಲ್ಲ. ವಾರಗಟ್ಟಲೆ ಅಂತರ ಬಿಟ್ಟು ಹಲವು ಸಲ ಹೋಗಬೇಕು. ಕಪ್ಪು ಶಾಯಿ ಸುಲಭ, ಹಸಿರು ಹಳದಿ ಕಷ್ಟ. ನಮ್ಮಂತಹ ಕಂದು ಮೈಬಣ್ಣದವರಲ್ಲಿ ಆ ಜಾಗ ಬೆಳ್ಳಗೋ ಕಪ್ಪಗೋ ಆಗುವ ಸಂಭವ ಹೆಚ್ಚು. ಹಾಕಿಸುವುದಕ್ಕಿಂತ ತೆಗೆಸಲು ಹಣವೂ ನೋವೂ ಹೆಚ್ಚು.

ಧರ್ಮದ ಮಾತನ್ನು ಬಿಟ್ಟು ಹೋಗುವಂತಿಲ್ಲ. ಹಚ್ಚೆ ಹಾಕುವುದನ್ನೂ ಹಾಕಿಸಿಕೊಳ್ಳುವುದನ್ನೂ ಖಂಡಿಸುವ ಹದೀಸ್ ಸಹೀಹ್ ಬುಖಾರಿ, ಸಹೀಹ್ ಮುಸ್ಲಿಮ್ ಎರಡರಲ್ಲೂ ಇರುವುದು ನಿಮಗೆ ಗೊತ್ತೇ ಇದೆ. ನಾನು ಆಲಿಮನಲ್ಲ, ಶಾಲಾ ಶಿಕ್ಷಕ. ಆದರೆ ಒಂದನ್ನು ಗಮನಿಸಿದ್ದೇನೆ. ಹಚ್ಚೆ ಹಾಕಿಸಿಕೊಂಡ ಕೆಲವು ಹುಡುಗರು, "ಇನ್ನು ನನ್ನ ವುಜೂ ಆಗುವುದಿಲ್ಲ, ನಮಾಜು ಸಲ್ಲುವುದಿಲ್ಲ" ಎಂದು ತಾವೇ ತೀರ್ಮಾನಿಸಿ ಮಸೀದಿಯಿಂದ ದೂರವಾಗುತ್ತಾರೆ. ಶಾಯಿ ಚರ್ಮದ ಒಳಗಿರುವುದರಿಂದ ನೀರಿಗೆ ಅಡ್ಡಿಯಿಲ್ಲ ಎಂದು ಅನೇಕ ಆಲಿಮರು ವಿವರಿಸಿದ್ದಾರೆ. ತೌಬಾದ ಬಾಗಿಲು ತೆರೆದೇ ಇದೆ. ಸಂಶಯವಿದ್ದರೆ ನಿಮ್ಮ ಇಮಾಮರನ್ನು ಕೇಳಿ, ದೂರ ಹೋಗಬೇಡಿ.

ಪೋಷಕ ಬಂಧುಗಳೇ, ನಿಮ್ಮಲ್ಲಿ ಒಂದು ವಿನಂತಿ. ಮಗನ ಕೈಮೇಲೆ ಗುರುತು ಕಂಡ ದಿನ ಹತ್ತು ಜನರ ಮುಂದೆ ಅವಮಾನಿಸಬೇಡಿ. ಮಿಂಚಿಹೋದ ಕಾಲಕ್ಕೆ ಚಿಂತಿಸಿ ಫಲವಿಲ್ಲ ಎಂದು ಹಿರಿಯರೇ ಹೇಳಿದ್ದಾರೆ. ಮೊದಲು ಸೂಜಿ ಶುದ್ಧವಾಗಿತ್ತೇ ಎಂದು ಕೇಳಿ, ಬೇಕಾದರೆ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಶಿಕ್ಷಕ ಮಿತ್ರರೇ, ತರಗತಿಯಲ್ಲಿ ಅದನ್ನೇ ಅಡ್ಡಹೆಸರು ಮಾಡಬೇಡಿ. ಚರ್ಮದ ಗುರುತಿನಿಂದ ಶಾಲೆ ಬಿಡುವ ಮಗು ನಮಗೆ ಬೇಡ.

ವಿದ್ಯಾರ್ಥಿ ಮಿತ್ರರೇ, ನಿಮಗೆ ಹೇಳುವುದು ಇಷ್ಟೇ: ಕಾಯಿರಿ. ಇಂಗ್ಲೆಂಡಿನಲ್ಲಿ 1969ರಿಂದಲೂ 18 ತುಂಬದವರಿಗೆ ಹಚ್ಚೆ ಹಾಕುವುದು ಕಾನೂನಿನ ಪ್ರಕಾರ ಅಪರಾಧ. ನಾಳೆಯ ನಿಮ್ಮ ಪರವಾಗಿ ಇಂದಿನ ನೀವು ಸಹಿ ಹಾಕಬಾರದು ಎಂಬುದೇ ಅದರ ತಿರುಳು. ಮನಸ್ಸಿಗೆ ಬಂದ ಹೆಸರನ್ನೋ ಚಿತ್ರವನ್ನೋ ಒಂದು ಕಾಗದದ ಮೇಲೆ ಬರೆದು, ತಾರೀಖು ಹಾಕಿ, ಪುಸ್ತಕದೊಳಗೆ ಇಡಿ. ಒಂದು ವರ್ಷದ ನಂತರ ತೆರೆದು ನೋಡಿ. ನಗು ಬಂದರೆ ಕಾಗದವನ್ನು ಹರಿದು ಹಾಕಬಹುದು.